ಶುಕ್ರವಾರದ ಕರ್ಪೂರ

ಬ್ಯಾಟರಿ ರಿಪೇರಿಯಲ್ಲೇ ಹೊಟ್ಟೆ ಹೊರೆಯುವ ನಾನು ಬ್ಯಾಟರಿಗೆ ಹೆದರುತ್ತೇನೆಂದರೆ ಗಿರಾಕಿಗಳು ನಗುತ್ತಾರೆ. ನಗಲಿ. ನನಗೆ ಕೆಲಸ ಕಲಿಸಿದ ಉಸ್ತಾದರು ಸಿರುಗುಪ್ಪದಲ್ಲಿ, ಆಗಷ್ಟೇ ಚಾರ್ಜಿನಿಂದ ತೆಗೆದ ಬ್ಯಾಟರಿಗೆ ಶಕ್ತಿ ಅಳೆಯುವ ಲೋಡ್ ಟೆಸ್ಟರ್ ಹಚ್ಚಿದರು. ಚಾರ್ಜಾಗುವಾಗ ಬ್ಯಾಟರಿ ಬಿಡುವ ಗ್ಯಾಸಿಗೆ ಒಂದೇ ಕಿಡಿ ಸಾಕಾಯಿತು. ಬ್ಯಾಟರಿ ಸಿಡಿದು ಆಸಿಡ್ ಬಲಗಣ್ಣಿಗೆ ಬಿತ್ತು. ಬಕೆಟ್ಟುಗಟ್ಟಲೆ ನೀರು ಸುರಿದವನು ನಾನೇ. ಆ ಕಣ್ಣು ಮತ್ತೆ ಬೆಳಕು ಕಾಣಲಿಲ್ಲ.

ಕಳೆದ ವರ್ಷ ಒಂದು ಶುಕ್ರವಾರ ಕುರುಗೋಡಿನ ಮನೆಯೊಂದರಿಂದ ಇನ್ವರ್ಟರ್ ಬ್ಯಾಟರಿ ಟೆಸ್ಟ್ ಮಾಡಲು ಕರೆ ಬಂತು. ಗಾಂಧಿನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಲ್ಲಿ ನಾಲ್ಕು ಬ್ಯಾಟರಿ ಚಾರ್ಜಿಗೆ ಹಾಕಿ, ಧೂಳು ಬರುತ್ತದೆ, ಬಾಗಿಲು ಹಾಕಿಕೋ ಎಂದು ಹೆಂಡತಿಗೆ ಹೇಳಿ ಹೊರಟೆ.

ಕುರುಗೋಡಿನಲ್ಲಿ ಬ್ಯಾಟರಿ ಇಟ್ಟಿದ್ದು ಕಿಟಕಿಯಿಲ್ಲದ ಕೋಣೆಯಲ್ಲಿ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಹೊರಗಿನ ಮೇನ್ ಆಫ್ ಮಾಡಿಸಿ, ಬಾಗಿಲು ಹಾರುಹೊಡೆದು, ಗ್ಯಾಸು ಹೋಗುವವರೆಗೆ ಟೆಸ್ಟ್ ಇಲ್ಲ ಎಂದೆ. ಅಷ್ಟರಲ್ಲಿ ಆ ಮನೆಯ ಅಜ್ಜಿ ತಟ್ಟೆಯಲ್ಲಿ ಉರಿಯುವ ಕರ್ಪೂರ ಹಿಡಿದು ಬಂದರು.

‘ಅಮ್ಮಾ, ನಿಂದರ್ರಿ!’ ಎಂದು ಕಿರುಚಿದೆ. ಬಾಗಿಲಿಗೆ ಅಡ್ಡ ನಿಂತೆ.

‘ಶುಕ್ರವಾರ ಐತಪ್ಪ. ಕೆಲಸಕ್ಕ ಮೊದ್ಲು ಬೆಳಗಬಾರದೇನು?’

‘ಒಳಗ ಗ್ಯಾಸ್ ತುಂಬೈತ್ರಿ. ಬೆಂಕಿ ತಾಗಿದ್ರ ಸಿಡೀತೈತಿ. ಮುಖ ಉಳಿಯಂಗಿಲ್ಲ.’

ಬೆಳಗುವ ಕರ್ಪೂರವನ್ನು ಊದಿ ಆರಿಸುವವರುಂಟೇ? ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿ, ತಟ್ಟೆಯನ್ನು ಅಂಗಳದಾಚೆ ತುಳಸಿಕಟ್ಟೆಯ ಮೇಲಿಟ್ಟರು. ಅದು ತಾನಾಗಿ ಆರುವವರೆಗೂ ನಾನು ಬಾಗಿಲು ಬಿಡಲಿಲ್ಲ.

‘ಯಾಕಪ್ಪ, ನಿಮ್ಮ ಅಂಗಡ್ಯಾಗ ಶುಕ್ರವಾರ ಬೆಳಗಂಗಿಲ್ಲೇನು?’ ಎಂದು ಅಜ್ಜಿ ಕೇಳಿದರು.

ಬೆಳಗುತ್ತೇವೆ. ಸ್ನಾನ ಮುಗಿಸಿ, ಒಂದೊಂದು ಬ್ಯಾಟರಿಗೂ ಕುಂಕುಮ ಹಚ್ಚಿ ಕರ್ಪೂರ ಬೆಳಗುವವಳು ನನ್ನ ಹೆಂಡತಿ. ಬೇರೆ ಶುಕ್ರವಾರಗಳಲ್ಲಿ ನಾನಿರುತ್ತೇನೆ. ಚಾರ್ಜ್ ನಿಲ್ಲಿಸಿ, ಬಾಗಿಲು ತೆಗೆದಿಟ್ಟು, ಎಷ್ಟೋ ಹೊತ್ತಾದ ಮೇಲೆ ಕರೆಯುತ್ತೇನೆ. ಯಾಕೆಂದು ಅವಳಿಗೆ ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಸುಮ್ಮನೆ ಹೆದರಿಸುವುದೇಕೆ ಎಂದುಕೊಂಡಿದ್ದೆ, ದೊಡ್ಡ ಬುದ್ಧಿವಂತ.

ಫೋನು ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಉಸ್ತಾದರ ಕಣ್ಣು ಅವಳ ಮುಖದಲ್ಲಿ ಕಾಣತೊಡಗಿತು. ಮೂರನೆಯ ಸಲ ಎತ್ತಿದಳು.

‘ಏನ್ರಿ ಇದು, ಒಂದೇಸಮ ಹೊಡೀತೀರಿ? ಅಂಗಡ್ಯಾಗ ಅದೀನಿ. ಕಡ್ಡಿಪೆಟಗಿ ಕೈಯಾಗೈತಿ.’

‘ಗೀರಬ್ಯಾಡ,’ ಎಂದೆ. ಮತ್ತೆ ಹೇಳಿದೆ. ‘ಗೀರಬ್ಯಾಡ. ಏನೂ ಮುಟ್ಟಬ್ಯಾಡ. ಹೊರಗ ಬಾ.’