ಮಸ್ಕತ್ತಿನ ಕೌದಿ

ಗಂಗಾವತಿಯ ನಮ್ಮ ಓಣಿಯ ಟೀಚರು ಮೊದಲ ಕಾದಂಬರಿ ಬರೆಯುತ್ತಿದ್ದರು. ತೀರಿಹೋದ ತಮ್ಮ ಅಬ್ಬಾಗೆ ಮಸ್ಕತ್ತಿನಲ್ಲಿ ಇನ್ನೊಂದು ಸಂಸಾರವಿದ್ದದ್ದನ್ನು ಕಣ್ಣಾರೆ ಕಂಡು ಬಂದವರು. ಅಲ್ಲಿನ ಮಂಚದ ಮೇಲೆ ತಮ್ಮ ಅಮ್ಮಿ ಹಳೇ ಸೀರೆಗಳಿಂದ ಹೊಲಿದ ಕೌದಿಯೇ ಇತ್ತಂತೆ. ಅಮ್ಮಿಗೆ ಏನೂ ಹೇಳಿರಲಿಲ್ಲ. ಅದನ್ನೇ ಬರೆದು ನನಗೆ ಓದಲು ಕೊಟ್ಟರೂ, ದಣಿದ ಕಣ್ಣು ಉಜ್ಜುತ್ತ, "ಇದು ಬರೇ ಕಥಿ ಐತಿ" ಅನ್ನುವರು.

"ಬರೇ ಕಥಿ ಆದ್ರ ಅದರಾಗ ಕೌದಿ ಹೋಗಿ ಕಂಬಳಿ ಯಾಕಾತು? ಯಾರಿಗೆ ಅಂಜೀರಿ?" ನಾನು ಬಿಡಲಿಲ್ಲ.

"ವಾದದಾಗ ನೀನ ಗೆದ್ದಿ. ಈಗ ಬಾಯಿ ಮುಚ್ಚು, ಅಮ್ಮಿ ಕೇಳ್ಯಾಳು."

ಆದರೂ ಒಂದು ಸಂಜೆ ಮಸ್ಕತ್ತಿನ ಆ ಅಧ್ಯಾಯವನ್ನು ಅಮ್ಮಿಗೆ ಓದಿ ಹೇಳಿದರು. ಹಳೇ ಸೀರೆ ಜೋಡಿಸಿ ಹೊಲಿಯುತ್ತಿದ್ದ ಅಮ್ಮಿ ಸೂಜಿ ನಿಲ್ಲಿಸಲಿಲ್ಲ.

"ಕಂಬಳಿ ಅಲ್ಲ ಬೇಟಿ, ಕೌದಿ ಅಂತ ಬರಿ. ಅಲ್ಲಿಯಾಕಿ ಬಾಣಂತನಕ್ಕ ನಾನ ಹೊಲಿದು ಕಳಿಸಿದ್ದೆ."

ಟೀಚರು ಕಣ್ಣು ಉಜ್ಜಿದರು. ಬರೇ ಕಥಿ ಅನ್ನಲಿಲ್ಲ.