ಹುರುಳಿಯ ಮೇಲೆ ಹಾಯ್ದ ಮೂರು ಚಕ್ರದ ಕಾರು

ಡಬ್ಬಿಯೊಳಗೆ ಒಣ ಅವರೆಕಾಳು ಹಾಕಿ ಯಾರೋ ಅವಸರದಲ್ಲಿ ಕುಲುಕುತ್ತಿರುವಂಥ ಸದ್ದು ಅದು. ನಡುನಡುವೆ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಅಂಗಳದಲ್ಲಿ ನಿಂತಿದ್ದ ನಾವು ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಎರಡು ಮಳೆಗಾಲ ಟಾರ್ಪಾಲಿನಡಿ ಮಲಗಿದ್ದ ಕಾರು ಅಂದು ಬೆಳಿಗ್ಗೆ ಸೊರಬದಲ್ಲಿ ಎದ್ದು ಕೂತಿತ್ತು.

ಮುಂದೆ ಒಂದು ಗಾಲಿ, ಹಿಂದೆ ಎರಡು. ಫೈಬರ್ ಮೈ. ಹಿಂಬದಿಯಲ್ಲಿ ಸ್ಕೂಟರಿಗಾಗುವಷ್ಟೇ ಇಂಜಿನ್. ನಮ್ಮ ರಾಜ್ಯದಲ್ಲೇ ತಯಾರಾಗಿ, ಕೆಲವು ವರ್ಷ ಓಡಾಡಿ, ರಸ್ತೆಯಿಂದಲೂ ನೆನಪಿನಿಂದಲೂ ಇಳಿದುಹೋದ ಗಾಡಿ. ವಿಂಟೇಜ್ ಅಂದರೆ ಜನಕ್ಕೆ ಕ್ರೋಮ್ ಬಂಪರು, ಉದ್ದ ಬಾನೆಟ್ಟು. ಟು ಬಿ ಫ್ರ್ಯಾಂಕ್, ಅವು ನನಗೆ ಬೋರು. ಕಾನ್ವೆಂಟಿನಲ್ಲಿ ನಮಗೆ ಪಿಯಾನೋ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಸೈಡ್‌ಕಾರ್ ಕಟ್ಟಿದ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಸೈಡ್‌ಕಾರಿನಲ್ಲಿ ಕುಂಬಳಕಾಯಿಗಳು ಗಂಭೀರವಾಗಿ ಕೂತಿರುತ್ತಿದ್ದವು. ಎಲ್ಲರೂ ನಗುತ್ತಿದ್ದರು, ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಜನ ನೋಡಿ ನಗುವ ಗಾಡಿಗಳಿಗೂ ಒಂದು ಡಿಗ್ನಿಟಿ ಇರುತ್ತದೆ ಎಂಬ ಹುಚ್ಚು ನನಗೆ ಹತ್ತಿದ್ದು ಅಲ್ಲಿಂದ. ಶಿಕಾರಿಪುರದ ನನ್ನ ಮನೆಯ ಶೆಡ್ಡಿನಲ್ಲಿ ಪೆಡಲ್ ಮೊಪೆಡ್ಡು, ಮೂತಿ ಉದ್ದದ ಹಳೇ ಟೆಂಪೊ ಸೇರಿಕೊಂಡಿದ್ದೂ ಅದರಿಂದಲೇ.

ಈ ಕಾರಿನ ಯಜಮಾನರು ನಿವೃತ್ತ ದನದ ಡಾಕ್ಟರು. ಇದರಲ್ಲೇ ಹಳ್ಳಿಹಳ್ಳಿ ಸುತ್ತಿ ಸೂಜಿ ಚುಚ್ಚಿದವರು, ಹೆರಿಗೆ ಮಾಡಿಸಿದವರು. ಅದಕ್ಕೆ ಎರಡು ವರ್ಷ ಹಿಂದಿನ ಮಳೆಗಾಲದಲ್ಲಿ ಒಂದು ತಿರುವಿನಲ್ಲಿ ಕಾರು ಮಗುಚಿ ಅವರ ಭುಜ ಮುರಿದಿತ್ತು. ಆಮೇಲೆ ಮಗಳು ಕೀಲಿ ಮುಟ್ಟಲು ಬಿಟ್ಟಿರಲಿಲ್ಲ.

ಆಕೆ ಅಂಗಳದಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದಳು. “ಆಂಟಿ, ಸಂಜೆ ಗುಜರಿಯವನಿಗೆ ಬಾ ಅಂದೀನಿ. ಇದು ತನ್ನ ಗಾಲಿ ಮೇಲೆ ಶಿಕಾರಿಪುರ ಮುಟ್ಟಿದ್ರೆ ನಿಮ್ದು. ದಾರೀಲಿ ನಿಂತ್ರೆ ಅವನ್ದು. ವಾಪಸ್ ಇಲ್ಲಿಗೆ ಮಾತ್ರ ತರಾದು ಬ್ಯಾಡ. ಅಪ್ಪ ಜೊತೇಲಿ ಬರ್ತೀನಿ ಅಂತ ಹಟ ಹಿಡ್ದಾರೆ, ಬರ್ಲಿ. ಸ್ಟೀರಿಂಗ್ ಕೊಡ್ಬೇಡಿ. ಮಧ್ಯಾಹ್ನ ನಿಮ್ಮನೆಗೇ ಬಂದು ಕರ್ಕೊಂಡು ಬರ್ತೀನಿ.”

“ನೋಡಿದ್ರಾ ಮೇಡಂ, ನಂಗೂ ಕಾರಿಗೂ ಒಂದೇ ತೀರ್ಪು,” ಅಂದರು ಡಾಕ್ಟರು.

ಶಿರಾಳಕೊಪ್ಪದವರೆಗೆ ನನ್ನ ಕಣ್ಣೆಲ್ಲ ರಸ್ತೆಯ ಗುಂಡಿಗಳ ಮೇಲೇ. ಎರಡು ಗಾಲಿಯ ನಡುವೆ ಗುಂಡಿ ಬಿಟ್ಟು ಹಾಯುವ ಅಭ್ಯಾಸ ನಮ್ಮದು. ಈ ಕಾರಿನಲ್ಲಿ ಹಾಗೆ ಬಿಟ್ಟ ಗುಂಡಿಗೇ ಮುಂದಿನ ಗಾಲಿ ಬೀಳುತ್ತದೆ. ಎಡ ತಿರುವು ಬಂದಾಗ ಡಾಕ್ಟರು ಬಾಗಿಲಿಗೆ ಒರಗಿ ಭಾರ ಕೊಡುತ್ತಿದ್ದರು, ಬಲ ತಿರುವಿನಲ್ಲಿ ನನ್ನ ಕಡೆ ವಾಲುತ್ತಿದ್ದರು. ಎದುರಿನಿಂದ ಲಾರಿ ಬಂದಾಗೆಲ್ಲ ಗಾಳಿಗೆ ಕಾರು ಪಕ್ಕಕ್ಕೆ ಸರಿಯುತ್ತಿತ್ತು. ಕೊನೆಗೆ ಅವರೇ, “ಮೇನ್ ರೋಡು ಸಾಕು. ತಾಳಗುಂದದ ಕಡೆ ತಗೊಳ್ಳಿ, ಸುತ್ತಾದ್ರೂ ಆರಾಮ,” ಅಂದರು.

ತಾಳಗುಂದ ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ತುಂಬ ಹುರುಳಿ ಹರವಿದ್ದರು. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲಿ ಅಂತ. ನಾನು ನಿಧಾನಿಸಿದೆ. ಪಕ್ಕದಲ್ಲಿ ಕವೆಗೋಲು ಹಿಡಿದು ನಿಂತಿದ್ದ ಹೆಂಗಸು ಕೈ ಬೀಸಿದಳು.

“ಹೋಗ್ರೀ ಯವ್ವಾ, ಮ್ಯಾಲೇ ಹೋಗ್ರಿ! ಒಂದ್ ಗಾಲಿ ಎಲ್ಲಿ ಉದುರ್ಸ್ಕಂಡು ಬಂದ್ರಿ?”

“ಹೋಗಿ ಹೋಗಿ,” ಅಂದರು ಡಾಕ್ಟರೂ. “ಇಂಥಾ ಹುರುಳಿ ಎಷ್ಟು ತುಳಿಸಿದೀನಿ ನಾನು.”

ತುಳಿಸಿದ್ದು ನಿಜ. ಆದರೆ ಇಂಜಿನ್ ಬಿಸಿಯಾಗುತ್ತದೆಂದು ಹಿಂದಿನ ದಿನವಷ್ಟೇ ಅದರ ಅಡಿಯ ತಗಡನ್ನು ಅವರೇ ಬಿಚ್ಚಿಸಿದ್ದರು. ಅದು ಇಬ್ಬರ ತಲೆಗೂ ಬರಲಿಲ್ಲ. ಮುಂದಿನ ಒಂಟಿ ಗಾಲಿ ಒಣಬಳ್ಳಿಯನ್ನು ನೇರ ಹೊಟ್ಟೆಯಡಿಗೆ ನೂಕುತ್ತಿತ್ತು. ಅಲ್ಲಿ ಸೈಲೆನ್ಸರ್ ಕೆಂಡದ ಹಾಗೆ ಕಾದಿತ್ತು.

ಮೊದಲು ವಾಸನೆ ಬಂತು. ಆಯಿಲ್ ಹೊಗೆ ಇರಬೇಕು ಅಂದುಕೊಂಡೆ.

“ಆಯಿಲ್ ಅಲ್ಲ ಇದು,” ಅಂದರು ಡಾಕ್ಟರು, ತೀರ ಮೆಲ್ಲಗೆ.

ಅಷ್ಟರಲ್ಲಿ ಹಿಂದಿನಿಂದ ಕಿರುಚಾಟ. “ಬೆಂಕಿ! ಗಾಡಿ ಹಿಂದ್ ಬೆಂಕಿ ಬಿದ್ದೈತ್ರೋ!”

ಬ್ರೇಕಿನ ಮೇಲೆ ಕಾಲಿಟ್ಟೆ. ಡಾಕ್ಟರು ನನ್ನ ಮಣಿಕಟ್ಟು ಹಿಡಿದರು. “ನಿಲ್ಲಿಸಬೇಡಿ! ಇಲ್ಲಿ ನಿಂತ್ರೆ ಅವ್ರ ಹುರುಳಿ ಪೂರಾ ಹೋಗ್ತದೆ. ಹೊಡೀರಿ ಮುಂದೆ.”

“ಡಾಕ್ಟ್ರೇ, ಪೆಟ್ರೋಲ್ ಟ್ಯಾಂಕು ಹಿಂದೇನೇ ಇದೆ!”

“ಗೊತ್ತು. ಹೊಡೀರಿ.”

ಓ ಮೈ ಗಾಡ್, ಆ ನೂರು ಮಾರು ರಸ್ತೆ! ವೇಗ ಹೆಚ್ಚಿಸಿದರೆ ಗಾಳಿಗೆ ಉರಿ ಹೆಚ್ಚುತ್ತದೆ, ತಗ್ಗಿಸಿದರೆ ಉದುರಿದ ಕಿಡಿ ಕೆಳಗಿನ ಬಳ್ಳಿಗೆ ಹತ್ತುತ್ತದೆ. ಬೆನ್ನಿಗೆ ಬಿಸಿ ತಾಗುತ್ತಿತ್ತು. ಹಿಂದೆ ಹೆಂಗಸರು ಬೀಳುವ ಕಿಡಿಗಳನ್ನು ಕವೆಗೋಲಿನಿಂದ ಬಡಿಯುತ್ತ ಓಡಿಬರುತ್ತಿದ್ದರು. ಕರಿ ಟಾರು ಕಂಡದ್ದೇ ನಿಲ್ಲಿಸಿ ಹೊರಗೆ ಹಾರಿದೆ. ಡಾಕ್ಟರ ಕಡೆಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುವಂಥದ್ದು. ಸೀರೆ ಎತ್ತಿಕಟ್ಟಿ ಕಾರಿನ ಸುತ್ತ ಓಡಿ, ಬಾಗಿಲು ಜಗ್ಗಿ ಅವರನ್ನು ಎಳೆದುಕೊಂಡೆ. ಅವರು ದೂರ ಹೋಗುವುದು ಬಿಟ್ಟು ನೆಟ್ಟಗೆ ಬೆಂಕಿಯ ಕಡೆಗೇ ನಡೆದರು.

“ಏ ಅಜ್ಜಾ, ನಿಂಗೇನ್ ತಲಿ ಕೆಟ್ಟೈತಾ?” ಕೈ ಬೀಸಿದ್ದ ಹೆಂಗಸೇ ಅವರ ಅಂಗಿ ಹಿಡಿದು ಹಿಂದಕ್ಕೆಳೆದಳು. ಕುಡಿಯುವ ನೀರಿನ ಕೊಡ ಬಂತು, ಬುಟ್ಟಿಯಲ್ಲಿ ಮಣ್ಣು ಬಂತು. ಆಕೆಯ ಗಂಡ ಕುಡುಗೋಲಿನಿಂದ ಉರಿಯುವ ಬಳ್ಳಿ ಕೊಯ್ದು ಎಳೆದ. ಟ್ಯಾಂಕಿಗೆ ಒಂದು ಗೇಣು ಇರುವಾಗ ಬೆಂಕಿ ಆರಿತು.

ಹಿಂಬದಿಯ ಫೈಬರ್ ಸೀದು ಬೊಕ್ಕೆಯೆದ್ದಿತ್ತು. ವೈರುಗಳೆಲ್ಲ ಕರಗಿದ್ದವು. ಇಂಜಿನ್ ಉಸಿರೆತ್ತಲಿಲ್ಲ. ಅಂದರೆ ಗುಜರಿ. ಡಾಕ್ಟರ ಜೇಬಿನಲ್ಲಿ ಮೊಬೈಲ್ ಒಂದೇ ಸಮ ಹೊಡೆದುಕೊಂಡಿತು. ಮಗಳದೇ ಇರಬೇಕು, ಅವರು ತೆಗೆಯಲಿಲ್ಲ.

“ಹುರುಳಿ ಉಳೀತಲ್ಲ,” ಅಂದರು ಆ ಗಂಡಸಿಗೆ.

“ಉಳೀತ್ರೀ ಸಾಹೇಬ್ರ. ನಿಂತಿದ್ರ ನಾವು ಕೆಟ್ಟೇ ಹೋಗ್ತಿದ್ವಿ,” ಅಂದ ಆತ. ನಾನು ಶಿಕಾರಿಪುರ ಅಂದದ್ದು ಕೇಳಿ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದ. ಸ್ಟೀರಿಂಗಿಗೆ ಯಾರು? ನಾನು ಹಗ್ಗದ ಗಂಟು ಜಗ್ಗಿ ನೋಡುವಷ್ಟರಲ್ಲಿ ಡಾಕ್ಟರು ಕೇಳದೆಯೇ ಹತ್ತಿ ಕೂತರು. “ಎಳೆದ್ರೂ ತನ್ನ ಗಾಲಿ ಮೇಲೇ ಬರ್ತದಲ್ಲ ಮೇಡಂ,” ಅಂದರು.

ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹಿಂದಕ್ಕೇ ನೋಡುತ್ತ ಬಂದೆ. ನಮ್ಮ ಬೀದಿಗೆ ತಿರುಗಿದಾಗ ಗೇಟಿನೆದುರು ಮಗಳ ಬಿಳಿ ಕಾರು ನಿಂತಿತ್ತು. ಆಕೆ ಹಗ್ಗ ನೋಡಿದಳು. ಸ್ಟೀರಿಂಗ್ ಹಿಡಿದಿದ್ದ ಅಪ್ಪನನ್ನು, ಅವರ ಮಸಿ ಹತ್ತಿದ ಒದ್ದೆ ಅಂಗಿಯನ್ನು ನೋಡಿದಳು. ಸುತ್ತು ಹಾಕಿ ಹೋಗಿ ಸುಟ್ಟ ಭಾಗವನ್ನೂ ನೋಡಿದಳು. ಗುಜರಿಯವನಿಗೆ ಫೋನ್ ಮಾಡುತ್ತಾಳೆ ಅಂತ ಕಾದೆ. ಟ್ರ್ಯಾಕ್ಟರಿನಿಂದ ಇಳಿದ ಆತ, “ಬೈಬ್ಯಾಡ್ರವ್ವಾ, ನಮ್ ಬೆಳಿ ಉಳಿಸ್ಯಾರ,” ಅಂದ.

ಆಕೆ ಬಾಗಿಲು ತೆರೆದು ಅಪ್ಪನನ್ನು ಇಳಿಸಿಕೊಂಡು, ಸೆರಗಿನಿಂದ ಅವರ ಮುಖ ಒರೆಸಿದಳು.

“ಆಂಟಿ, ಇದನ್ನ ಒಳಗೆ ತಳ್ಳಿಸ್ಕೊಳ್ಳಿ. ಬೀದೀಲಿ ಬ್ಯಾಡ,” ಅಂದಳು. ಅಷ್ಟೇ.

ಡಾಕ್ಟರು ಬಿಳಿ ಕಾರಿನಲ್ಲಿ ಕೂತು ಗಾಜು ಇಳಿಸಿದರು. “ಮೇಡಂ, ಹ್ಯಾಂಡ್ ಬ್ರೇಕ್ ಹಾಕ್ಬೇಡಿ, ಸಿಕ್ಕಿಕೊಳ್ತದೆ. ಗಾಲಿಗೆ ಕಲ್ಲು ಕೊಡಿ.”

ಹತ್ತಿರದಲ್ಲೆಲ್ಲೂ ಕಲ್ಲಿರಲಿಲ್ಲ. ತುಳಸಿಕಟ್ಟೆಯ ಬದಿಯಿಂದ ಒಂದು ಕಿತ್ತುಕೊಂಡು ಬರುವಷ್ಟರಲ್ಲಿ ಬಿಳಿ ಕಾರು ಬೀದಿಯ ಕೊನೆ ತಿರುಗುತ್ತಿತ್ತು. ಅವರು ಕುತ್ತಿಗೆ ಹೊರಳಿಸಿ, ನಾನು ಕಲ್ಲು ಇಟ್ಟೆನೋ ಇಲ್ಲವೋ ಎಂದು ನೋಡುತ್ತಿದ್ದರು. ಆಮೇಲೆ ಫೋನಿನಲ್ಲಿ ಬೇಕಾದಷ್ಟು ಸಲ ಮಾತಾಡಿದೆವು, ಅವರು ಇರುವಷ್ಟು ಕಾಲ. ಕಣ್ಣಲ್ಲಿ ನೋಡಿದ್ದು ಅದೇ ಕೊನೆಯ ಸಲ.