ಏಳಬೇಕೆಂದೇ ಅನ್ನಿಸದ ಆ ವರ್ಷ

ಅದು ೨೦೦೮. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಮ್ಮ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಗೋಣಿಬೀಡಿನ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ.

ಬೆಳಿಗ್ಗೆ ಎದ್ದರೆ ಬೆರಳುಗಳು ಊದಿಕೊಂಡು ಮಡಚಲು ಬರುತ್ತಿರಲಿಲ್ಲ. ಕಾಫಿ ಕೊಯ್ದು ಹೀಗಾಗಿದೆ ಎಂದುಕೊಂಡು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಯಾವುದಕ್ಕೂ ಏಳಬೇಕು ಅನ್ನಿಸದಾಯಿತು. ಹಸಿದಿದ್ದರೂ ಅಕ್ಕಿ ತೊಳೆಯುವುದು ಗುಡ್ಡ ಹತ್ತಿದಷ್ಟು ಕಷ್ಟ.

ನಮ್ಮ ಕಡೆ ಯಾರೇ ಬರಲಿ, ಮೊದಲು 'ಆಸರಿಗೆ ಏನು ಕೊಡಲಿ' ಎಂದು ಬಾಯಾರಿಕೆ ಕೇಳಬೇಕು. ಒಂದು ದಿನ ನಿಮ್ಮ ಅಜ್ಜನ ತಂಗಿ ಸಂಸೆಯಿಂದ ಬಂದಳು. ನಾನು ಕೂತಲ್ಲೇ ಕೂತಿದ್ದೆ.

"ಒಂದು ಲೋಟ ನೀರಿಗೂ ಕೇಳ್ಲಿಲ್ವಲ್ಲ ಅತ್ತಿಗೆ! ಅಣ್ಣ ಹೋದ್ಮೇಲೆ ನಾವು ಬೇಡಾದ್ವಾ?" ಎಂದು ಎದ್ದು ಹೋದಳು. ಅವಳನ್ನು ಕಳಿಸಲು ನಾನು ಬಾಗಿಲವರೆಗೂ ಏಳಲಿಲ್ಲ. ಮಾತು ಹಬ್ಬಿ ನೆಂಟರು ಬರುವುದು ನಿಂತಿತು.

ಪಕ್ಕದ ಮನೆಯ ಜುಬೇದಾ ಮಾತ್ರ ಒಂದು ಮಧ್ಯಾಹ್ನ ರೊಟ್ಟಿ ತಂದಳು. "ತಿನ್ನದಿದ್ರೆ ನಾನೇ ಬಾಯಿಗೆ ತುರುಕ್ತೀನಿ ನೋಡಿ ಅಕ್ಕ" ಎಂದಳು. ಎರಡು ತಿಂದೆ.

"ರುಚಿ ಆಯ್ತಾ?"

"ಆಯ್ತು."

"ಮತ್ತೆ ಒಲೆ ಎಂತಕ್ಕೆ ಹಚ್ಚಲ್ಲ?"

ಖಾಲಿ ತಟ್ಟೆಯನ್ನು ಅವಳ ಕಡೆ ಚಾಚಿದೆ. ಆಗ ಅವಳು ನನ್ನ ಊದಿದ ಬೆರಳು ನೋಡಿದಳು. ಮರುದಿನವೇ ಮೂಡಿಗೆರೆಗೆ ಬಸ್ ಹತ್ತಿಸಿದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಜುಬೇದಾ ಹೇಳಿದ ರೊಟ್ಟಿಯ ಕಥೆಯನ್ನೂ ಕೇಳಿದರು. "ಕೊಟ್ರೆ ರುಚಿ ಗೊತ್ತಾಗುತ್ತೆ, ಮಾಡ್ಕೊಳ್ಳೋಕೆ ಮಾತ್ರ ಮನಸ್ಸು ಏಳಲ್ಲ, ಅಲ್ವಾ ಅಮ್ಮ? ನಿಮ್ಮ ಗಂಟುಗಳಲ್ಲಿ ಉರಿಯೂತ ಇದೆ. ಅದು ಗಂಟಲ್ಲೇ ನಿಲ್ಲಲ್ಲ. ಏಳು, ಮಾಡು ಅಂತ ನಮ್ಮನ್ನ ತಳ್ಳೋಕೆ ಮಿದುಳಲ್ಲಿ ಡೋಪಮೈನ್ ಅಂತ ಒಂದಿದೆ. ಉರಿಯೂತದಿಂದ ಕೆಲವರಲ್ಲಿ ಅದು ಕುಗ್ಗಬಹುದು ಅಂತಾರೆ. ಇದೂ ಖಿನ್ನತೆನೇ. ಸೋಮಾರಿತನ ಅಲ್ಲ."

ನಾನು ಅಲ್ಲೇ ಅತ್ತುಬಿಟ್ಟೆ. "ಅಳೋದ್ರಲ್ಲಿ ಮಾತ್ರ ಇವ್ರಿಗೆ ಸೋಮಾರಿತನ ಇಲ್ಲ ಡಾಕ್ಟ್ರೆ" ಎಂದು ಜುಬೇದಾ ನನ್ನ ಕಣ್ಣೊರೆಸಿದಳು.

ಗಂಟಿಗೂ ಮನಸ್ಸಿಗೂ ಔಷಧಿ ಶುರುವಾಯಿತು. ಕೆಲವು ತಿಂಗಳಲ್ಲಿ ಊತ ಇಳಿಯಿತು, ನಾನೂ ನಿಧಾನಕ್ಕೆ ಎದ್ದೆ. ಸಂಸೆಗೆ ಹೋಗಿ ಎಲ್ಲವನ್ನೂ ಹೇಳಿದೆ. "ಬೆರಳು ಊದಿದ್ದಕ್ಕೂ ನೀರು ಕೊಡೋದಕ್ಕೂ ಎಂತ ಸಂಬಂಧ ಅತ್ತಿಗೆ?" ಎಂದು ನಾದಿನಿ ನಕ್ಕಳು. ನಂಬಲಿಲ್ಲ. ಮತ್ತೆ ನಮ್ಮನೆಗೆ ಬರಲೂ ಇಲ್ಲ. ಆ ವರ್ಷದ ಕಾಯಿಲೆಯನ್ನೇ ಅವಳು ನನ್ನ ಗುಣ ಎಂದುಕೊಂಡಿದ್ದಾಳೆ.

ಎದುರಿಗೆ ಕೂತು ಇಷ್ಟು ಮಾತಾಡುವುದು ನನಗೆ ಬರುವುದಿಲ್ಲ ಮಕ್ಕಳೇ. ಅವಳ ಮಾತು ಕೇಳಿ ನೀವೂ ಹಾಗಂದುಕೊಳ್ಳಬಾರದೆಂದು ಬರೆದಿಟ್ಟಿದ್ದೇನೆ.